ಲಾಳಿಯಿಂದ ರಾಕೆಟ್ಟಿನವರೆಗೆ: ನಮ್ಮ ಸುತ್ತಲಿನ ಇಂಗ್ಲಿಷ್ ಪದಗಳ ಪೂರ್ವೋತ್ತರ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಓಡಾಡಿದವರಿಗೆ ಮಗ್ಗದ ಸದ್ದು ಹೊಸದಲ್ಲ. ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಹೊತ್ತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬಿಡುವಿಲ್ಲದೆ ಓಡುವ ಲಾಳಿ ಆ ಸದ್ದಿನ ಮೂಲ. ಎರಡೂ ತುದಿಗಳಲ್ಲಿ ಚೂಪಾಗಿರುವ ಈ ಸಾಧನಕ್ಕೆ ಇಂಗ್ಲಿಷಿನಲ್ಲಿ 'ಶಟಲ್' ಎಂದು ಹೆಸರು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ 'ಶ್ಯುಟೆಲ್' ಎಂಬಂತಿತ್ತು. ಆಗ ಅದರ ಅರ್ಥ ಲಾಳಿಯಲ್ಲ. ಬಾಣ ಅಥವಾ ಗುರಿಯಿಟ್ಟು ಎಸೆಯುವ ಕಿರುಭರ್ಜಿ. ಗುಂಡು ಹಾರಿಸುವುದಕ್ಕೆ ನಾವು ಬಳಸುವ 'ಶೂಟ್' ಎಂಬ ಪದಕ್ಕೂ ಇದಕ್ಕೂ ಒಂದೇ ಬೇರು. ನೇಕಾರನ ಕೈಯಿಂದ ಬಾಣದಂತೆ ಚಿಮ್ಮುತ್ತದೆ ಎಂಬ ಕಾರಣಕ್ಕೆ 14ನೇ ಶತಮಾನದ ಹೊತ್ತಿಗೆ ಲಾಳಿಗೆ ಆ ಹೆಸರು ಅಂಟಿಕೊಂಡಿತು.

ಈಗ ದೊಡ್ಡಬಳ್ಳಾಪುರದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ದೇವನಹಳ್ಳಿಗೆ ಬನ್ನಿ. ಇದು ಟಿಪ್ಪು ಸುಲ್ತಾನ್ ಹುಟ್ಟಿದ ಊರು. ಸೈನಿಕ ಇತಿಹಾಸದ ಪುಸ್ತಕಗಳಲ್ಲಿ ಟಿಪ್ಪುವಿನ ಹೆಸರು ಬಂದಾಗಲೆಲ್ಲ ರಾಕೆಟ್ಟಿನ ಮಾತು ಬರುತ್ತದೆ. ಈ 'ರಾಕೆಟ್' ಎಂಬ ಪದ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ಆರಂಭದಲ್ಲಿ, 'ರೊಕ್ಕೆಟ್ಟ' ಎಂಬ ಇಟಾಲಿಯನ್ ಪದದಿಂದ. ನೂಲುವ ಹೆಂಗಸರು ಉಣ್ಣೆಯನ್ನೋ ನಾರನ್ನೋ ಸುತ್ತಿಟ್ಟುಕೊಳ್ಳುತ್ತಿದ್ದ ಸಣ್ಣ ಕೋಲು ಎಂಬುದು ಅದರ ಅರ್ಥ. ಅದೇ ಬೇರಿನ ಇನ್ನೊಂದು ರೂಪ 'ರೊಕ್ಕೆಟ್ಟೊ' ಎಂದರೆ ನೂಲು ಸುತ್ತುವ ಬಾಬಿನ್. ಮೇಲೆ ದಪ್ಪ ತಲೆ, ಕೆಳಗೆ ಉದ್ದನೆಯ ಕೋಲು ಇದ್ದ ಬಿರುಸನ್ನು ಕಂಡ ಇಟಲಿಯ ಜನರಿಗೆ ತಮ್ಮ ಮನೆಯ ನೂಲುಗೋಲು ನೆನಪಾಯಿತು, ಆ ಹೆಸರಿಟ್ಟರು.

ನೋಡಿ ಈ ಅದಲುಬದಲು. ಮಗ್ಗದ ಸಾಧನ ತನ್ನ ಹೆಸರನ್ನು ಬಿಲ್ಲುಗಾರನಿಂದ ಪಡೆದಿದೆ. ಯುದ್ಧದ ಆಯುಧ ತನ್ನ ಹೆಸರನ್ನು ನೂಲುವವಳಿಂದ ಪಡೆದಿದೆ.

ವಿದ್ಯಾರ್ಥಿಮಿತ್ರರಲ್ಲಿ ಅನೇಕರು, ಅದರಲ್ಲೂ ಹಳ್ಳಿಯ ಶಾಲೆಗಳಿಂದ ಕಾಲೇಜಿಗೆ ಬಂದವರು, ಇಂಗ್ಲಿಷ್ ಪದವೆಂದರೆ ಆಕಾಶದಿಂದ ಉದುರಿದ ಕಲ್ಲು ಎಂಬಂತೆ ಅಂಜುತ್ತಾರೆ. ಸ್ಪೆಲಿಂಗು, ಅರ್ಥ ಎರಡನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಇಳಿಸಿ ಬರುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧವಾದ ನಿಲುವು. ಇಂಗ್ಲಿಷಿನ ಪದಗಳೆಲ್ಲ ನಮ್ಮಿಂದಲೇ ಹೋದವು ಎಂದು ಎದೆತಟ್ಟಿ ಹೇಳುವವರು ಅವರು. ಅಂಜಿಕೆ, ಬಡಾಯಿ ಎರಡೂ ಪದದ ಚರಿತ್ರೆಯನ್ನು ನೋಡದಿರುವುದರಿಂದಲೇ ಹುಟ್ಟುತ್ತವೆ. ಒಂದು ಶಾಸನವನ್ನು ಓದುವ ಹಾಗೆ ಒಂದು ಪದವನ್ನೂ ಓದಬಹುದು. ಯಾರು ಯಾರ ಬಳಿಗೆ ಬಂದರು, ಏನು ಮಾರಿದರು, ಯಾರು ಯಾರನ್ನು ಆಳಿದರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳ ಎಲ್ಲೆ ದಾಟದೆಯೇ ಇಂಥ ಹತ್ತಾರು ಪದಗಳನ್ನು ಓದಲು ಸಾಧ್ಯ.

ಮಗ್ಗದ ಬಳಿಯೇ ಇನ್ನಷ್ಟು ಹೊತ್ತು ನಿಲ್ಲೋಣ. ನಿಮ್ಮ ಕೈಯಲ್ಲಿರುವ ಪಠ್ಯಪುಸ್ತಕಕ್ಕೆ ಇಂಗ್ಲಿಷಿನಲ್ಲಿ 'ಟೆಕ್ಸ್ಟ್ ಬುಕ್' ಎನ್ನುತ್ತೀರಿ. ಬಟ್ಟೆಯ ಉದ್ಯಮಕ್ಕೆ 'ಟೆಕ್ಸ್‌ಟೈಲ್' ಎನ್ನುತ್ತೀರಿ. ಎರಡರ ಮೂಲವೂ 'ನೇಯು' ಎಂಬ ಅರ್ಥದ ಲ್ಯಾಟಿನ್ ಧಾತು 'ಟೆಕ್ಸೆರೆ'. ಪದಗಳನ್ನು ಒಂದರೊಳಗೊಂದು ಸೇರಿಸಿ ನೇಯ್ದದ್ದು ಟೆಕ್ಸ್ಟ್. 'ಸೂಕ್ಷ್ಮವಾದ' ಎಂಬ ಅರ್ಥದ 'ಸಟಲ್' ಎಂಬ ಪದವೂ ಮಗ್ಗದ್ದೇ. ನೇಯುತ್ತಿರುವ ಬಟ್ಟೆಯ ಅಡಿಯಲ್ಲಿ ಹಾಯುವ ನವಿರಾದ ಎಳೆ ಅದರ ಮೂಲಾರ್ಥವಿರಬೇಕೆಂದು ನಿಘಂಟುಕಾರರ ಅಭಿಪ್ರಾಯ. ಕನ್ನಡವೂ ಇದೇ ಕೆಲಸ ಮಾಡಿದೆ. ಯಾವುದೋ ಒಂದು ಗುಣ ಒಬ್ಬರ ಬದುಕಿನಲ್ಲಿ 'ಹಾಸುಹೊಕ್ಕಾಗಿದೆ' ಎನ್ನುವಾಗ ನಾವು ಮಗ್ಗದ ಮಾತನ್ನೇ ಆಡುತ್ತಿರುತ್ತೇವೆ. ರೋಮಿನ ನೇಕಾರನಿಗೂ ನಮ್ಮ ನೇಕಾರನಿಗೂ ಪರಿಚಯವಿರಲಿಲ್ಲ. ಕೆಲಸ ಒಂದೇ ಆಗಿತ್ತು, ಹೋಲಿಕೆಯೂ ಒಂದೇ ಆಯಿತು.

ಸೀರೆಯ ಸೆರಗಿನಲ್ಲಿ ಹೂಬಳ್ಳಿ ಮೂಡಿಸುವ ಸಾಧನವನ್ನು ನಮ್ಮ ನೇಕಾರರು 'ಜಕಾರ್ಡ್' ಎನ್ನುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮೇರಿ ಜಕಾರ್ಡ್ (1752–1834) ರಂಧ್ರಗಳನ್ನು ಕೊರೆದ ರಟ್ಟುಗಳ ಮೂಲಕ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ಮಗ್ಗಕ್ಕೆ ತಿಳಿಸುವ ವಿಧಾನವನ್ನು 1804ರಲ್ಲಿ ರೂಪಿಸಿದ. ರಂಧ್ರವಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಇದೇ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡ. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹೊಲೆರಿತ್ ಎಂಬಾತ ರಂಧ್ರದ ರಟ್ಟುಗಳಿಂದಲೇ ಲೆಕ್ಕ ಮಾಡಿದ. ಕಂಪ್ಯೂಟರ್ ಓದಲು ಬೆಂಗಳೂರಿಗೆ ಹೋಗುವ ದೊಡ್ಡಬಳ್ಳಾಪುರದ ಹುಡುಗ ಹುಡುಗಿಯರು ಅದರ ಒಬ್ಬ ಪೂರ್ವಜನನ್ನು ತಮ್ಮ ಬೀದಿಯಲ್ಲೇ ನೋಡಬಹುದು.

ಇನ್ನು ರಾಕೆಟ್ಟಿನ ಕಥೆ. ದೇವನಹಳ್ಳಿಯ ಕೋಟೆ 1749ರಲ್ಲಿ ಮೈಸೂರಿನ ಸೈನ್ಯದ ವಶವಾಯಿತು. ಆ ಮುತ್ತಿಗೆಯಲ್ಲಿ ತೋರಿದ ಸಾಹಸದಿಂದ ಮೊದಲ ಬಾರಿಗೆ ಮೇಲಿನವರ ಕಣ್ಣಿಗೆ ಬಿದ್ದ ಸಿಪಾಯಿಯೇ ಹೈದರ್ ಅಲಿ. ಮುಂದೆ ಹೈದರ್, ಅವನ ನಂತರ ಟಿಪ್ಪು, ರಾಕೆಟ್ಟುಗಳಿಗಾಗಿಯೇ ಪ್ರತ್ಯೇಕ ಪಡೆಯನ್ನು ಬೆಳೆಸಿದರು. ಯುರೋಪಿನಲ್ಲಿ ಆಗಿನ್ನೂ ಬಿರುಸುಗಳ ಕೊಳವೆಯನ್ನು ಹೆಚ್ಚಾಗಿ ಕಾಗದದಿಂದ ಮಾಡುತ್ತಿದ್ದರು. ಮೈಸೂರಿನವರು ಬಳಸಿದ್ದು ಕಬ್ಬಿಣದ ಕೊಳವೆ. ಮದ್ದು ಉರಿದಾಗ ಹುಟ್ಟುವ ಒತ್ತಡವನ್ನು ಕಬ್ಬಿಣ ಹೆಚ್ಚು ತಡೆಯುತ್ತದೆ. ಆದ್ದರಿಂದ ಹೆಚ್ಚು ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಹೆಚ್ಚು ದೂರ ಹಾರಿಸಬಹುದು. ದಿಕ್ಕು ತಪ್ಪದಿರಲೆಂದು ಉದ್ದನೆಯ ಬಿದಿರುಗಳುವನ್ನು ಕಟ್ಟುತ್ತಿದ್ದರು. ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತಿದ್ದ ಈ ಆಯುಧ 1780ರ ಪೊಳ್ಳಿಲೂರಿನ ಕದನದಲ್ಲಿಯೂ 1792, 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿಯೂ ಇಂಗ್ಲಿಷರನ್ನು ಕಂಗೆಡಿಸಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಪ್ರಸಿದ್ಧನಾದ ವೆಲಿಂಗ್ಟನ್, ಆಗಿನ್ನೂ ಕರ್ನಲ್ ವೆಲ್ಲೆಸ್ಲಿ, 1799ರ ಏಪ್ರಿಲ್ ತಿಂಗಳ ಒಂದು ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆಯ ತೋಪಿನಲ್ಲಿ ಈ ರಾಕೆಟ್ಟುಗಳ ನಡುವೆ ಸಿಕ್ಕಿ ಹಿಮ್ಮೆಟ್ಟಬೇಕಾಯಿತು.

ಟಿಪ್ಪುವಿನ ಮರಣಾನಂತರ ರಾಕೆಟ್ಟುಗಳು ಹಡಗೇರಿ ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರ ಸೇರಿದವು. ಕೆಲವೇ ವರ್ಷಗಳಲ್ಲಿ ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ತನ್ನ ರಾಕೆಟ್ಟುಗಳನ್ನು ಸಿದ್ಧಪಡಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಅವು ಹಾರಿದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಪ್ರಸ್ತಾಪ ಬರುವುದು ಈ ಕಾರಣದಿಂದ. ನಮ್ಮ ನಾಡಿನಲ್ಲಿಯೂ ಇದರ ಕುರುಹುಗಳು ಸಿಕ್ಕಿವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸುಮಾರು ಒಂದು ಸಾವಿರ ರಾಕೆಟ್ ಕೊಳವೆಗಳು ಹೊರಬಂದವು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ನೋಡಬೇಕು. ವಸ್ತುವಿನ ಚರಿತ್ರೆ ಬೇರೆ, ಪದದ ಚರಿತ್ರೆ ಬೇರೆ. ಕಬ್ಬಿಣದ ರಾಕೆಟ್ಟನ್ನು ಬೆಳೆಸಿದವರು ಮೈಸೂರಿನವರು ಎಂಬುದು ನಿಜ. ಹಾಗೆಂದು 'ರಾಕೆಟ್' ಎಂಬ ಪದ ಮೈಸೂರಿನದಾಗುವುದಿಲ್ಲ. ಅದು ಟಿಪ್ಪು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಇಂಗ್ಲಿಷಿನಲ್ಲಿತ್ತು. ಹಾಗಾದರೆ ನಮ್ಮವರು ಅದನ್ನು ಏನೆಂದು ಕರೆಯುತ್ತಿದ್ದರು? ಭಾರತದ ಸೈನ್ಯಗಳಲ್ಲಿ ಅದಕ್ಕಿದ್ದ ಹೆಸರು 'ಬಾನ್', ಅಂದರೆ ನಮ್ಮ 'ಬಾಣ'. ಬಿಲ್ಲಿನ ಬಾಣಕ್ಕಿದ್ದ ಹೆಸರನ್ನು ಬೆಂಕಿಯ ಬಾಣಕ್ಕೂ ಕೊಟ್ಟರು. ಆ ಹೆಸರು ಈಗ ಎಲ್ಲಿ ಉಳಿದಿದೆ? ಜಾತ್ರೆಯ 'ಬಾಣಬಿರುಸು' ಎಂಬ ಮಾತಿನಲ್ಲಿ. ಒಂದು ಕಾಲಕ್ಕೆ ಸಾಮ್ರಾಜ್ಯವನ್ನು ನಡುಗಿಸಿದ ಪದ ತೇರಿನ ರಾತ್ರಿಯ ಪಟಾಕಿಗೆ ಇಳಿದಿದೆ. ನೂಲುಗೋಲಾಗಿದ್ದ ಪದ ಚಂದ್ರಲೋಕಕ್ಕೆ ಏರಿದೆ. ಹೊರಗಿನ ಪದವೊಂದು ಬಂದಾಗ ನಷ್ಟವಾಯಿತೆಂದು ಕೊರಗುವವನು ನಾನಲ್ಲ. ಭಾಷೆ ಹಾಗೆಯೇ ಬೆಳೆಯುವುದು. ಆದರೆ ನಮ್ಮ ಪದ ತನ್ನ ಹುದ್ದೆ ಕಳೆದುಕೊಂಡಾಗ ಅದರೊಡನೆ ಇದ್ದ ತಿಳಿವಳಿಕೆಯೂ ಹೋಗುತ್ತದೆಯೇ ಎಂದು ನೋಡಬೇಕಾಗುತ್ತದೆ. ಬಾಣದ ವಿಷಯದಲ್ಲಿ ಹೋದದ್ದು ಬಹುಶಃ ಹೆಚ್ಚಿಲ್ಲ. ಕೆರೆಯ ವಿಷಯದಲ್ಲಿ ಹಾಗಲ್ಲ.

ಹೊಸಕೋಟೆಯನ್ನು 1595ರ ಸುಮಾರಿಗೆ ಕಟ್ಟಿಸಿದವನು ಸುಗಟೂರಿನ ಪಾಳೆಯಗಾರ ತಮ್ಮೇಗೌಡ. ಊರಿನ ದೊಡ್ಡ ಕೆರೆ ನಿಜಕ್ಕೂ ದೊಡ್ಡದು. ಏರಿಯ ಉದ್ದ ಸುಮಾರು ಎರಡು ಮೈಲಿ ಎಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಇದನ್ನು ಇಂಗ್ಲಿಷ್ ಅಧಿಕಾರಿಗಳು ತಮ್ಮ ಕಡತಗಳಲ್ಲಿ 'ಹೊಸ್ಕೋಟೆ ಟ್ಯಾಂಕ್' ಎಂದು ಬರೆದರು. ಈಗ 'ಟ್ಯಾಂಕ್' ಎಂದರೆ ನಿಮಗೆ ನೆನಪಾಗುವುದು ಮನೆಯ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಡ್ರಮ್ಮು, ಇಲ್ಲವೇ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಸಾಗುವ ಯುದ್ಧವಾಹನ. ಆದರೆ ಇಂಗ್ಲಿಷಿನಲ್ಲಿ ಈ ಪದದ ಮೊದಲ ಅರ್ಥವೇ ನಮ್ಮ ಕೆರೆ. ಗುಜರಾತಿಯ 'ಟಾಂಕ', ಮರಾಠಿಯ 'ಟಾಂಕೆ' ಎಂದರೆ ನೀರು ಕೂಡಿಡುವ ಕುಂಡ. ಪೋರ್ಚುಗೀಸರಲ್ಲಿಯೂ ಹೊಂಡಕ್ಕೆ 'ತಾಂಕೆ' ಎಂಬ ಪದವಿತ್ತು. ಪಶ್ಚಿಮ ಕರಾವಳಿಯಲ್ಲಿ ಇವೆರಡೂ ಒಂದರೊಡನೊಂದು ಬೆರೆತು, 17ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವರ್ತಕರ ಬಾಯಿಗೆ 'ಟ್ಯಾಂಕ್' ಆಗಿ ಸೇರಿದವು. ನೀರಿನ ತೊಟ್ಟಿ, ಎಣ್ಣೆಯ ಪೀಪಾಯಿಗಳ ಅರ್ಥ ಬಂದದ್ದು ಆಮೇಲೆ.

ಯುದ್ಧವಾಹನಕ್ಕೆ ಈ ಹೆಸರು ಬಂದ ಕಥೆ ಸ್ವಾರಸ್ಯವಾಗಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಉಕ್ಕಿನ ಹೊದಿಕೆಯ ಹೊಸ ವಾಹನವನ್ನು ಗುಟ್ಟಾಗಿ ತಯಾರಿಸುತ್ತಿದ್ದರು. ಗುಟ್ಟು ಬಯಲಾಗದಿರಲೆಂದು ಅದಕ್ಕೆ 'ಟ್ಯಾಂಕ್' ಎಂಬ ಸುಳ್ಳು ಹೆಸರಿಟ್ಟರು. ನೋಡಿದವರು ನೀರು ಸಾಗಿಸುವ ತೊಟ್ಟಿ ಎಂದುಕೊಳ್ಳಲಿ ಎಂಬುದು ಉಪಾಯ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗಕ್ಕೆ ಅದು ಇಳಿದಾಗ ಗುಟ್ಟು ಮುಗಿಯಿತು, ಹೆಸರು ಉಳಿಯಿತು.

ಇತ್ತ 'ಟ್ಯಾಂಕ್' ಆದ ಕೆರೆಗೆ ಏನಾಯಿತು? ಕನ್ನಡದಲ್ಲಿ ಕೆರೆ ಎನ್ನುವುದು ಒಂಟಿ ಪದವಲ್ಲ. ಅದರ ಹಿಂದೆ ಒಂದು ಸಂಸಾರವೇ ಇದೆ. ನೀರನ್ನು ತಡೆದು ನಿಲ್ಲಿಸುವುದು ಏರಿ, ಬೇಕಾದಷ್ಟನ್ನೇ ಗದ್ದೆಗೆ ಬಿಡುವುದು ತೂಬು, ಹೆಚ್ಚಾದ ನೀರು ಮುಂದಿನ ಕೆರೆಗೆ ಹರಿದುಹೋಗುವುದು ಕೋಡಿ, ಆ ನೀರಿಗೆ ಹಕ್ಕುಳ್ಳ ಜಮೀನು ಅಚ್ಚುಕಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವವನು ನೀರಗಂಟಿ. ಹಳೆಯ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಪದ ಬರುತ್ತದೆ. ಕೆರೆಯ ಕಟ್ಟಡಕ್ಕೂ ಜೀರ್ಣೋದ್ಧಾರಕ್ಕೂ ಬಿಟ್ಟ ಭೂಮಿ ಅದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ನಿಮ್ಮ ಊರಿನ ಹೆಸರನ್ನು ಅಲ್ಲಿ ಹುಡುಕಿ ನೋಡಿ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಬರೆದ ಒಂದು ವರದಿ ಪ್ರಸಿದ್ಧವಾದದ್ದು. ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಹೊಸದೊಂದು ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂಬುದು ಅದರ ಸಾರಾಂಶ. ಎಂಜಿನಿಯರುಗಳಿಗೆ ಈ ಜಾಲ ಕಾಣುತ್ತಿತ್ತು. ಆದರೆ 'ಟ್ಯಾಂಕ್' ಎಂಬ ಪದ ಕೇಳಿದ ಸಾಮಾನ್ಯನಿಗೆ ಕಾಣುವುದು ಒಂದು ಪಾತ್ರೆ ಮಾತ್ರ. ತನ್ನ ಪಾಡಿಗೆ ತಾನಿರುವ, ಬೇಡವಾದರೆ ಎತ್ತಿಡಬಹುದಾದ ಪಾತ್ರೆ. ಕೋಡಿಯ ಹಾದಿಯಲ್ಲಿ ಮನೆ ಕಟ್ಟಿದರೆ ಮುಂದಿನ ಕೆರೆಗೆ ನೀರಿಲ್ಲವಾಗುತ್ತದೆ, ಇದ್ದ ನೀರು ಮನೆಗೆ ನುಗ್ಗುತ್ತದೆ ಎಂಬ ತಿಳಿವಳಿಕೆ 'ಕೋಡಿ' ಎಂಬ ಪದದಲ್ಲಿದೆ. ಆ ಪದವನ್ನೇ ಕೇಳದ ತಲೆಮಾರಿಗೆ ಅದನ್ನು ಬೇರೆ ರೀತಿಯಲ್ಲಿ ಹೇಳಿಕೊಡಬೇಕಾಗಿದೆ. ಬೆಂಗಳೂರಿನಲ್ಲಿ ಸ್ಯಾಂಕಿಯ ಹೆಸರಿನ ಕೆರೆಯನ್ನು ಕೆಲವರು 'ಸ್ಯಾಂಕಿ ಟ್ಯಾಂಕ್ ಕೆರೆ' ಎನ್ನುವುದುಂಟು. ಕೆರೆ ಎರಡು ಬಾರಿ ಬಂದಿತು, ಇರಲಿ.

ಪದಮೂಲ ಹುಡುಕುವವರು ಜಾರಿ ಬೀಳುವುದು ಹೋಲಿಕೆ ಎಂಬ ಪಾಚಿಯ ಮೇಲೆ. 'ಕ್ಯಾಶ್' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ 'ಕಾಸು' ಇಂಗ್ಲಿಷಿನ ಕ್ಯಾಶ್ ಆಯಿತೆಂದು ಹಲವರು ಹೇಳುತ್ತಾರೆ. ಅರ್ಧ ಸತ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು', ಇಂಗ್ಲಿಷಿನಲ್ಲಿ 'ಇಪ್ಪತ್ತು ಕ್ಯಾಶ್' ಎಂದು ಟಂಕಿಸಿದ್ದರು. ಈ ನಾಣ್ಯದ 'ಕ್ಯಾಶ್' ಖಂಡಿತವಾಗಿಯೂ ನಮ್ಮ ದಕ್ಷಿಣದ 'ಕಾಸು'. ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋದದ್ದು. ಆದರೆ ಬ್ಯಾಂಕಿನಲ್ಲಿ ನಾವು ಕೇಳುವ 'ಕ್ಯಾಶ್' ಬೇರೆಯೇ ಪದ. ಹಣದ ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ 'ಕೆಸ್' ಅದರ ತಾಯಿ, ಲ್ಯಾಟಿನ್ 'ಕಾಪ್ಸ' ಅಜ್ಜಿ. ರೂಪ ಒಂದೇ, ಕುಲ ಬೇರೆ. ನೀವು ನೋಡುವ ಚಂದನ ವಾಹಿನಿಯ ಹೆಸರಿಗೂ ಹೀಗೊಂದು ಸೋಗಲಾಡಿ ನೆಂಟನಿದ್ದಾನೆ. ಸಂಸ್ಕೃತದ 'ಚಂದನ' ಪಾರಸಿ, ಅರಬ್ಬಿ, ಗ್ರೀಕ್, ಲ್ಯಾಟಿನ್‌ಗಳನ್ನು ದಾಟಿ ಇಂಗ್ಲಿಷಿನಲ್ಲಿ 'ಸ್ಯಾಂಡಲ್' ಆಯಿತು. ಮೈಸೂರು ಸ್ಯಾಂಡಲ್ ಸೋಪಿನ ಸ್ಯಾಂಡಲ್ ಇದೇ. ಆದರೆ ಕಾಲಿಗೆ ಹಾಕುವ ಸ್ಯಾಂಡಲ್ಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಗ್ರೀಕರ ಪಾದರಕ್ಷೆ.

ಆದ್ದರಿಂದ ಕಾಲವನ್ನು ಮೊದಲು ಕೇಳಬೇಕು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರು ಎಂಬ ಹೆಸರು ಬಂತು ಎಂಬ ಕಥೆ ನಿಮಗೆಲ್ಲ ಗೊತ್ತು. ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಹೆಸರಿದೆ. ಬಲ್ಲಾಳ ಆಳಿದ್ದು ಅದಾದ ಸುಮಾರು ಮುನ್ನೂರು ವರ್ಷಗಳ ಮೇಲೆ. ಕಥೆ ಅಲ್ಲಿಗೆ ನಿಂತಿತು. ಇಂಗ್ಲಿಷ್ ಪದಗಳಿಗೂ ಇದೇ ಪರೀಕ್ಷೆ. ಒಳ್ಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ಪದದ ಅರ್ಥದ ಪಕ್ಕದಲ್ಲಿಯೇ ಅದರ ಮೂಲವನ್ನೂ ಕೊಟ್ಟಿರುತ್ತಾರೆ; ನಮ್ಮ ವಿದ್ಯಾರ್ಥಿಗಳು ಆ ಭಾಗವನ್ನು ದಾಟಿಬಿಡುತ್ತಾರೆ. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಿಗೆ ಯೂಲ್ ಮತ್ತು ಬರ್ನೆಲ್ ಅವರ 'ಹಾಬ್ಸನ್ ಜಾಬ್ಸನ್' (1886), ಕನ್ನಡಕ್ಕೆ ಕಿಟ್ಟೆಲ್ ನಿಘಂಟು (1894) ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಇಂಥ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು.

ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಬದಿಯಲ್ಲಿ ಈಗ ಎಲ್ಲಿ ನೋಡಿದರೂ ಗೋಡೌನುಗಳು. ಈ ಪದದಲ್ಲಿ 'ಗೋ' ಇಲ್ಲ, 'ಡೌನ್' ಕೂಡ ಇಲ್ಲ. ತೆಲುಗಿನ 'ಗಿಡ್ಡಂಗಿ', ತಮಿಳಿನ 'ಕಿಡಂಗು' ಎಂದರೆ ಉಗ್ರಾಣ. ವರ್ತಕರೊಡನೆ ಸಮುದ್ರ ದಾಟಿದ ಆ ಪದ ಮಲಯ ಭಾಷೆಯಲ್ಲಿ 'ಗುಡಾಂಗ್' ಆಯಿತು; ಅಲ್ಲಿಂದ ಪೋರ್ಚುಗೀಸರು ಹೊತ್ತರು; ಇಂಗ್ಲಿಷರ ಕಿವಿ ಅದನ್ನು ತಮಗೆ ಪರಿಚಿತವಾದ ಎರಡು ಪದಗಳಂತೆ ಕೇಳಿಸಿಕೊಂಡಿತು. ಪಕ್ಕದ ಮನೆಯ ಪದ ಪ್ರಪಂಚ ಸುತ್ತಿ ವೇಷ ಬದಲಿಸಿ ಬಂದು ನಮ್ಮ ಹೊಲದಲ್ಲಿ ನಿಂತಿದೆ. 'ಬನೀನು' ಕೂಡ ಹೀಗೆಯೇ. ಗುಜರಾತಿನ ವಾಣಿಯಾ ವರ್ತಕರ ಸಡಿಲವಾದ ಅಂಗಿಗೆ ವಿದೇಶೀಯರು 'ಬನಿಯನ್' ಎಂದರು. ಆ ವರ್ತಕರು ನೆರಳಿಗೆ ಕುಳಿತು ವ್ಯಾಪಾರ ಮಾಡುತ್ತಿದ್ದ ಆಲದ ಮರಕ್ಕೂ ಅದೇ ಹೆಸರಾಯಿತು.

ಹೆಸರಿಟ್ಟವನ ಕಣ್ಣು ಯಾವುದರ ಮೇಲಿತ್ತೆಂಬುದೂ ಪದದಲ್ಲಿ ಕಾಣುತ್ತದೆ. ನಾವು ಸಾರು ಮಾಡಿ ಮುದ್ದೆಯೊಡನೆ ಉಣ್ಣುವ ಹುರುಳಿಗೆ ಇಂಗ್ಲಿಷಿನಲ್ಲಿ 'ಹಾರ್ಸ್ ಗ್ರಾಮ್'; ಅವರ ಕುದುರೆ ತಿಂದದ್ದೇ ಅದರ ಗುರುತಾಯಿತು. ದೇವನಹಳ್ಳಿಯ ಹೆಸರಾಂತ ಚಕ್ಕೋತಕ್ಕೆ ಇಂಗ್ಲಿಷಿನಲ್ಲಿ 'ಶಾಡಕ್' ಎಂಬ ಹೆಸರೂ ಉಂಟು. ಪೂರ್ವದೇಶಗಳಿಂದ ಅದರ ಬೀಜವನ್ನು ವೆಸ್ಟ್ ಇಂಡೀಸಿಗೆ ಒಯ್ದನೆನ್ನಲಾದ ಹಡಗಿನ ಕಪ್ತಾನನ ಹೆಸರದು. ಬಂಗಾಳಿಗಳು ಇದೇ ಹಣ್ಣನ್ನು 'ಬಾತಾಬಿ' ಎನ್ನುತ್ತಾರೆ. ಬಟಾವಿಯಾ, ಅಂದರೆ ಇಂದಿನ ಜಕಾರ್ತದಿಂದ ಬಂದದ್ದು ಎಂದು.

ರೈತರ ಮಕ್ಕಳು ಮುಖ್ಯವಾಗಿ ಗಮನಿಸಬೇಕಾದ ಪದಗಳು ಬೇರೆ ಇವೆ. ಊರು, ಕೆರೆ, ಹೊಲ, ಗದ್ದೆ ನಮ್ಮವು. ಜಮೀನು, ತಾಲ್ಲೂಕು, ಅರ್ಜಿ ಪಾರಸಿ, ಅರಬ್ಬಿಗಳಿಂದ ಬಂದವು. ಸರ್ವೆ, ನೋಟಿಸು ಇಂಗ್ಲಿಷಿನವು. ಒಂದೇ ಹೊಲದ ಮೇಲೆ ಆಳಿದವರೆಲ್ಲ ಒಂದೊಂದು ಪದರ ಬಿಟ್ಟು ಹೋಗಿದ್ದಾರೆ. ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆ ಆರಂಭವಾದದ್ದು 1863ರಲ್ಲಿ. 'ಸರ್ವೆ' ಎಂದರೆ ಮೂಲದಲ್ಲಿ 'ಮೇಲಿನಿಂದ ನೋಡುವುದು'. ಎಷ್ಟು ಸರಿಯಾದ ಹೆಸರು! 'ನೋಟಿಸು' ಎಂಬುದರ ಮೂಲಾರ್ಥ 'ತಿಳಿದಿರುವುದು'. ಕಾನೂನಿನ ದೃಷ್ಟಿಯಲ್ಲಿ ನೋಟಿಸು ಬಂದಿತೆಂದರೆ ನಿಮಗೆ ವಿಷಯ ತಿಳಿಯಿತೆಂದೇ ಲೆಕ್ಕ, ಅದರ ಭಾಷೆ ನಿಮಗೆ ಅರ್ಥವಾಗದಿದ್ದರೂ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಜಮೀನಿನ ಸ್ವಾಧೀನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ವರ್ಷಗಳಲ್ಲಿ 'ನೋಟಿಫಿಕೇಷನ್', 'ಅಕ್ವಿಸಿಷನ್' ಎಂಬ ಪದಗಳು ಅಲ್ಲಿನ ಅಜ್ಜಿಯರ ಬಾಯಲ್ಲಿಯೂ ಓಡಾಡುವ ಪದಗಳಾದವು. ಅವನ್ನು ಕಲಿಸಿದ್ದು ಯಾವ ಶಾಲೆಯೂ ಅಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಕೆಲಸ ಆರಂಭಿಸಿತು. 'ಏರ್‌ಪೋರ್ಟ್' ಎಂಬುದರಲ್ಲಿರುವ 'ಪೋರ್ಟ್' ಎಂದರೆ ಹಡಗಿನ ಬಂದರು; ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಬಯಲುಸೀಮೆಗೆ ಒಂದು ಬಂದರು ಸಿಕ್ಕಿದಂತಾಯಿತು. 'ಟರ್ಮಿನಲ್' ಎಂಬುದರ ಮೂಲ 'ಟರ್ಮಿನಸ್', ಅಂದರೆ ಗಡಿಕಲ್ಲು. ರೋಮನ್ನರು ಹೊಲದ ಎಲ್ಲೆಯ ಕಲ್ಲನ್ನು ಅದೇ ಹೆಸರಿನ ದೇವರೆಂದು ಪೂಜಿಸುತ್ತಿದ್ದರು. ನಮ್ಮಲ್ಲಿ ಗಡಿಯಲ್ಲಿ ಲಿಂಗಮುದ್ರೆಯ ಕಲ್ಲು ನೆಡುತ್ತಿದ್ದ ಹಾಗೆ. ಅಲ್ಲಿಗೆ ಹೋಗುವ ಬಸ್ಸಿನ ಹೆಸರಂತೂ ವ್ಯಾಕರಣದ ಮೇಷ್ಟರಿಗೆ ಹಬ್ಬ. 'ಎಲ್ಲರಿಗೆ' ಎಂಬ ಅರ್ಥದ ಲ್ಯಾಟಿನ್ ಪದ 'ಓಮ್ನಿಬುಸ್'. 1820ರ ದಶಕದ ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಆ ಹೆಸರಿಟ್ಟರು. ಉದ್ದವಾಯಿತೆಂದು ಇಂಗ್ಲಿಷರು ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು. ಉಳಿದ 'ಬಸ್' ಒಂದು ಪದವೇ ಅಲ್ಲ, ಚತುರ್ಥೀ ವಿಭಕ್ತಿಯ ಪ್ರತ್ಯಯ. 'ಎಲ್ಲರಿಗೆ' ಎಂಬುದರಲ್ಲಿ 'ಇಗೆ' ಮಾತ್ರ ಉಳಿದು, 'ಇಗೆ ಬಂತು, ಇಗೆ ಹತ್ತಿ' ಎಂದು ನಾವು ಓಡಿದಂತೆ. ಕನ್ನಡ ಆ ಪ್ರತ್ಯಯಕ್ಕೆ ತನ್ನದೊಂದು ಉಕಾರ ಸೇರಿಸಿ 'ಬಸ್ಸು' ಎಂದಿತು. ಈಗ ಅದಕ್ಕೆ ಮತ್ತೆ ವಿಭಕ್ತಿ ಹಚ್ಚಿ 'ಬಸ್ಸಿಗೆ' ಎನ್ನುತ್ತೇವೆ.

ಕನ್ನಡದ ಈ ಕೈಚಳಕವನ್ನು ನೋಡಬೇಕಾದರೆ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಗೆ ಹೋಗಬೇಕು. ಶಿವಗಂಗೆ ಬೆಟ್ಟಕ್ಕೆ ಹೋಗುವವರು ಇಳಿಯುವ ಊರು. 19ನೇ ಶತಮಾನದ ನಡುಭಾಗದಲ್ಲಿ ಈ ಸೀಮೆಯ ಆಡಳಿತ ನೋಡುತ್ತಿದ್ದ ರಿಚರ್ಡ್ ಸ್ಟುವರ್ಟ್ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಇದಕ್ಕೆ ಬಂದಿದೆ. 'ಬ್' ಮತ್ತು 'ಸ್' ಎರಡೂ ಸ್ವರವಿಲ್ಲದೆ ಒಟ್ಟಿಗೆ ನಿಲ್ಲುವುದು ಕನ್ನಡದ ನಾಲಗೆಗೆ ಒಗ್ಗದು. ನಡುವೆ ಒಂದು ಅಕಾರ ತೂರಿಸಿ, ಮೊದಲಿನ 'ಡಾ'ವನ್ನು 'ದಾ' ಮಾಡಿ, ಸಾಹೇಬರನ್ನು 'ದಾಬಸ್' ಮಾಡಿತು. ಇಂಗ್ಲಿಷರ ಕಾಲದ ಬರಹಗಳಲ್ಲಿ ಊರಿನ ಹೆಸರು 'ಡಾಬ್ಸ್‌ಪೇಟ್' ಎಂದಿತ್ತು. ಈಗ ಹೆದ್ದಾರಿಯ ಫಲಕಗಳಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುವಾಗಲೂ, ಎಷ್ಟೋ ಕಡೆ, ನಮ್ಮ ಜನ ಕರೆದಂತೆ 'ದಾಬಸ್‌ಪೇಟ್' ಎಂದೇ ಬರೆಯುತ್ತಾರೆ.